ಸದ್ದಡಗಿದ ತಿಂಗಳಲ್ಲಿ ಅಕ್ರಾ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಸದ್ದಿಲ್ಲದ ಜಾಗ ಹುಡುಕುವುದು ಕಷ್ಟ. ಬೆಳಕು ಹರಿಯುವ ಮೊದಲೇ ಟ್ರೋಟ್ರೋ ವ್ಯಾನುಗಳ ಕೂಗು, ಆಮೇಲೆ ಬೀದಿ ಪ್ರವಚನಕಾರನ ಮೈಕು, ಸಂಜೆ ಬಾರಿನ ಹೊರಗೆ ಆಳೆತ್ತರದ ಸ್ಪೀಕರು, ಶನಿವಾರ ಬಂತೆಂದರೆ ಯಾರದೋ ಉತ್ತರಕ್ರಿಯೆಯ ಡೋಲು. ಇಂಥ ಊರು ವರ್ಷಕ್ಕೊಮ್ಮೆ, ಮೇ ನಡುವಿನಿಂದ ಜೂನ್ ನಡುವಿನ ತನಕ, ಸುಮಾರು 30 ದಿನ ಸದ್ದು ಇಳಿಸಿಕೊಳ್ಳಬೇಕು. ಡೋಲು ಬಾರಿಸುವಂತಿಲ್ಲ. ಚರ್ಚು, ಮಸೀದಿ, ಬಾರು, ಯಾರೂ ಸ್ಪೀಕರನ್ನು ಬಾಗಿಲಾಚೆ ಇಡುವಂತಿಲ್ಲ. ಬೀದಿ ಪ್ರವಚನ ಬಂದ್. ಪ್ರಾರ್ಥನೆ ಮಾಡಿ, ಆದರೆ ನಿಮ್ಮ ನಾಲ್ಕು ಗೋಡೆಯೊಳಗೆ ಮಾಡಿ ಎಂಬ ಅಪ್ಪಣೆ.

ಅಪ್ಪಣೆ ಹೊರಡಿಸುವವರು ಗಾ ಜನರ ಸಾಂಪ್ರದಾಯಿಕ ಮಂಡಳಿ. ಗಾ ಎಂಬುದನ್ನು ಸ್ವಲ್ಪ ಮೂಗಿನಿಂದ ಹೇಳಬೇಕು. ಅಕ್ರಾದ ನೆಲ ಮೂಲತಃ ಇವರದು. ಆದರೆ 2010ರ ಜನಗಣತಿಯ ಪ್ರಕಾರ ಗ್ರೇಟರ್ ಅಕ್ರಾ ಪ್ರಾಂತದಲ್ಲಿ ಗಾ ಮತ್ತು ಅವರ ದಾಯಾದಿಗಳಾದ ದಂಗ್ಮೆ ಜನರು ಸೇರಿ ಶೇ 27ರಷ್ಟು. ಒಳನಾಡಿನಿಂದ ಬಂದ ಅಕಾನ್ ಜನರು ಶೇ 40ರ ಹತ್ತಿರ, ಪೂರ್ವದ ಎವೆ ಜನರು ಶೇ 20ರಷ್ಟು. ಸಂತೆಯಲ್ಲಿ, ವ್ಯಾನಿನಲ್ಲಿ, ಎಫ್ಎಂ ರೇಡಿಯೊದಲ್ಲಿ ಕೇಳುವುದು ಹೆಚ್ಚಾಗಿ ಅಕಾನ್ ಜನರ ಟ್ವೀ ಭಾಷೆ. ಅಂದರೆ ತಮ್ಮದೇ ಊರಿನಲ್ಲಿ ಅಲ್ಪಸಂಖ್ಯಾತರಾದವರ ಮಾತಿಗೆ ಇಡೀ ರಾಜಧಾನಿ ಒಂದು ತಿಂಗಳು ತಲೆಬಾಗುತ್ತದೆ. ಪುಣೆಯಲ್ಲಿ ಒಂಬತ್ತು ವರ್ಷದಿಂದ ಇರುವ, ಬೆಂಗಳೂರಿನ ಭಾಷಾ ಜಗಳಗಳನ್ನು ದೂರದಿಂದಲೇ ಓದಿ ರಕ್ತದೊತ್ತಡ ಏರಿಸಿಕೊಳ್ಳುವ ನನ್ನಂಥ ಧಾರವಾಡದವನಿಗೆ ಇದಕ್ಕಿಂತ ಕುತೂಹಲದ ಸಂಗತಿ ಬೇಕೆ?

ನಾನು ಹೋಗಿದ್ದು ಕಚೇರಿ ಕೆಲಸಕ್ಕೆ. ಮೊಬೈಲ್ ಮೂಲಕ ಹಣ ಪಾವತಿಸುವ ತಂತ್ರಾಂಶದ ಜೋಡಣೆ. ಘಾನಾದಲ್ಲಿ ಇದು ನಮ್ಮ ಯುಪಿಐಗಿಂತ ಹಳೆಯ ರೂಢಿ. ಅಕ್ರಾದ ಪ್ರತಿ ಮೂಲೆಯಲ್ಲೂ ಹಳದಿ ಕೊಡೆಯ ಕೆಳಗೆ ಒಬ್ಬರು ಕುಳಿತು ಜನರ ಫೋನಿಗೆ ಹಣ ತುಂಬಿಸುತ್ತಿರುತ್ತಾರೆ. ಮೇ ಕೊನೆಯ ವಾರ. ಕೆಲಸ ಶುಕ್ರವಾರ ಮುಗಿಯಿತು, ವಿಮಾನ ಬುಧವಾರ ಇತ್ತು. ನಡುವಿನ ನಾಲ್ಕು ದಿನಕ್ಕೆ ರಜೆ ಬರೆದುಕೊಟ್ಟೆ. ಆ ನಾಲ್ಕು ದಿನದಲ್ಲಿ ಊರು ತೋರಿಸಿದವರು ಅಲ್ಲಿನ ಸಹೋದ್ಯೋಗಿ, ಓಸು ಬಡಾವಣೆಯ ಗಾ ಹೆಣ್ಣುಮಗಳು, ನನಗಿಂತ ಐದಾರು ವರ್ಷ ದೊಡ್ಡವರು.

ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ದೊಡ್ಡ ಅಕ್ಷರಗಳಲ್ಲಿ ಕಾಣುವುದು 'ಅಕ್ವಾಬಾ'. ಸ್ವಾಗತ ಎಂದರ್ಥ. ಚೆಂದದ ಪದ, ಹೇಳಲೂ ಸುಲಭ. ಮೊದಲ ದಿನ ಕಚೇರಿಯಲ್ಲಿ ಆ ಪದ ಕಲಿತೆ ಎಂದು ಹೇಳಿದಾಗ ಆಕೆ ನಕ್ಕರು. "ಒಳ್ಳೆಯದು. ಆದರೆ ಅದು ಟ್ವೀ. ನೀವು ಇಳಿದದ್ದು ನಮ್ಮ ನೆಲದಲ್ಲಿ, ನಿಮ್ಮನ್ನು ಸ್ವಾಗತಿಸಿದ್ದು ಬೇರೆಯವರ ಭಾಷೆಯಲ್ಲಿ. ಗಾ ಭಾಷೆಯಲ್ಲಾದರೆ ಅಪ್ಪಿಕೊಂಡು 'ಆತೂ' ಅನ್ನುತ್ತೇವೆ." ಸಿಟ್ಟಿನಿಂದ ಹೇಳಿದ್ದಲ್ಲ. ಸಾವಿರ ಸಲ ಹೇಳಿ ಸವೆದ ಮಾತಿನ ಧಾಟಿ ಅದರಲ್ಲಿತ್ತು. ಆ ಧಾಟಿ ನಮಗೆಲ್ಲ ಗೊತ್ತಿರುವುದೇ.

ಹಾಗೆ ನೋಡಿದರೆ ಅಕ್ರಾ ಎಂಬ ಹೆಸರೂ ಗಾ ಅಲ್ಲ. ಅಕಾನ್ ಜನರು ಇವರನ್ನು 'ಎನ್‌ಕ್ರಾನ್' ಎನ್ನುತ್ತಿದ್ದರು, ಅಂದರೆ ದಂಡು ಕಟ್ಟಿ ಬರುವ ಇರುವೆಗಳು. ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ಅದು ಅಕ್ರಾ ಆಯಿತು. ಊರಿನ ಹೆಸರೇ ನೆರೆಯವರು ಇಟ್ಟ ಅಡ್ಡಹೆಸರು!

ಆದರೆ ಕಿವಿಗೊಟ್ಟರೆ ಗಾ ಭಾಷೆ ಊರಿನ ತಳದಲ್ಲಿ ಇನ್ನೂ ಇದೆ. ಟ್ರೋಟ್ರೋ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಟೆಂಪೊ, ಮ್ಯಾಕ್ಸಿಕ್ಯಾಬ್ ಥರದ ಗಾಡಿ. ಬ್ರಿಟಿಷರ ಕಾಲದಲ್ಲಿ ಪ್ರಯಾಣ ದರ ಮೂರು ಪೆನ್ಸ್ ಇತ್ತು, ಮೂರು ಪೆನ್ಸಿಗೆ ಗಾ ಭಾಷೆಯಲ್ಲಿ 'ಟ್ರೋ'. ಆ ನಾಣ್ಯ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿಯಿತು. ಬಾಗಿಲಲ್ಲಿ ಜೋತುಬಿದ್ದ ಹುಡುಗನಿಗೆ 'ಮೇಟ್' ಎನ್ನುತ್ತಾರೆ. "ಸರ್ಕ್ ಸರ್ಕ್ ಸರ್ಕ್" ಎಂದು ಕೂಗಿದರೆ ಎನ್‌ಕ್ರುಮಾ ಸರ್ಕಲ್, "ಕ್ರಾ ಕ್ರಾ ಕ್ರಾ" ಎಂದರೆ ಪೇಟೆಯ ನಡುಭಾಗ. ನಮ್ಮ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಈ ಸಂಗೀತ ಹೊಸದಲ್ಲ.

ಇನ್ನೊಂದು ಪದ ಮನಸ್ಸಿನಲ್ಲಿ ಕೂತಿತು. ಸಂತೆಯಲ್ಲಿ ದೊಡ್ಡ ಅಲ್ಯುಮಿನಿಯಂ ಬೋಗುಣಿ ತಲೆಯ ಮೇಲೆ ಹೊತ್ತು, ಬೆನ್ನಿಗೆ ಕೂಸು ಕಟ್ಟಿಕೊಂಡು ಸಾಮಾನು ಸಾಗಿಸುವ ಹುಡುಗಿಯರಿದ್ದಾರೆ. ಉತ್ತರ ಘಾನಾದ ಬಡ ಹಳ್ಳಿಗಳಿಂದ ಬಂದವರು. ಅವರಿಗೆ 'ಕಯಾಯೇ' ಎನ್ನುತ್ತಾರೆ. 'ಕಯಾ' ಎಂದರೆ ಉತ್ತರದ ಹೌಸಾ ಭಾಷೆಯಲ್ಲಿ ಹೊರೆ, 'ಯೇಯ್' ಎಂದರೆ ಗಾ ಭಾಷೆಯಲ್ಲಿ ಹೆಂಗಸರು. ಹೊರೆ ಅವರ ಕಡೆಯಿಂದ ಬಂತು, ಹೆಂಗಸು ಎಂಬ ಗುರುತು ಈ ಊರು ಕೊಟ್ಟಿತು. ವಲಸೆಯ ಚರಿತ್ರೆಯೆಲ್ಲ ಮೂರಕ್ಷರದಲ್ಲಿದೆ.

ಈ ಹುಡುಗಿಯರು ಹೆಚ್ಚಾಗಿ ಕಾಣುವುದು ಮಕೋಲಾ ಮತ್ತು ಕಾಂಟಾಮಾಂಟೊ ಎಂಬ ಎರಡು ಮಾರುಕಟ್ಟೆಗಳಲ್ಲಿ. ಕಾಂಟಾಮಾಂಟೊ ಯುರೋಪು, ಅಮೆರಿಕದವರು ಉಟ್ಟು ಬಿಟ್ಟ ಬಟ್ಟೆಯ ದೊಡ್ಡ ಪೇಟೆ. ಆ ಬಟ್ಟೆಗೆ ಟ್ವೀ ಭಾಷೆಯಲ್ಲಿ 'ಒಬ್ರೊನಿ ವಾವು' ಎನ್ನುತ್ತಾರೆ, ಸತ್ತ ಬಿಳಿಯರ ಬಟ್ಟೆ. ಬದುಕಿರುವವರು ಇಷ್ಟೊಂದು ಬಟ್ಟೆ ಬಿಸಾಡುತ್ತಾರೆ ಎಂದು ಮೊದಲಿಗೆ ಯಾರೂ ನಂಬಲಿಲ್ಲವಂತೆ. 2025ರ ಹೊಸವರ್ಷದ ಬೆನ್ನಲ್ಲೇ ಇಲ್ಲಿ ಬೆಂಕಿ ಬಿದ್ದು ಸಾವಿರಾರು ಅಂಗಡಿ ಸುಟ್ಟವು.

ಮಕೋಲಾ ಹೆಂಗಸರ ರಾಜ್ಯ. ಟೊಮೆಟೊಗೆ ಒಬ್ಬ ರಾಣಿ, ಗೆಣಸಿಗೆ ಒಬ್ಬ ರಾಣಿ. ದರ, ಜಗಳ, ಸಾಲ ಎಲ್ಲ ಆಕೆಯ ತೀರ್ಮಾನ. 1924ರಲ್ಲಿ ಕಟ್ಟಿದ ಹಳೆಯ ಮಕೋಲಾವನ್ನು 1979ರ ಆಗಸ್ಟಿನಲ್ಲಿ ಸೈನಿಕ ಸರ್ಕಾರ ಸಿಡಿಸಿ ನೆಲಸಮ ಮಾಡಿತು. ಬೆಲೆ ಏರಿಕೆಗೆ ಈ ಹೆಂಗಸರೇ ಕಾರಣ ಎಂಬ ಆರೋಪ. ಬೆಲೆಯೇನೂ ಇಳಿಯಲಿಲ್ಲ. ಹೆಂಗಸರು ಪಕ್ಕದ ಬೀದಿಗಳಲ್ಲಿ ಮತ್ತೆ ಕೂತರು, ಇಂದಿಗೂ ಕೂತಿದ್ದಾರೆ. ನನ್ನ ಸಹೋದ್ಯೋಗಿ ಒಣ ಮೆಣಸಿನ ಒಬ್ಬ ಅಜ್ಜಿಯ ಹತ್ತಿರ ಟ್ವೀಯಲ್ಲಿ ಚೌಕಾಸಿ ಶುರು ಮಾಡಿದರು. ಅಜ್ಜಿಯೂ ಟ್ವೀಯಲ್ಲೇ ಉತ್ತರಿಸಿದಳು. ಎರಡು ನಿಮಿಷದ ಮೇಲೆ ಯಾವುದೋ ಉಚ್ಚಾರದಿಂದ ಗೊತ್ತಾಯಿತು, ಇಬ್ಬರೂ ಗಾ! ಇಬ್ಬರೂ ನಗಾಡಿ ಭಾಷೆ ಬದಲಿಸಿದರು, ದರವೂ ಇಳಿಯಿತು. ಪುಣೆಯ ಹಿಂಜವಡಿಯ ಲಿಫ್ಟಿನಲ್ಲಿ ಇಬ್ಬರು ಕನ್ನಡಿಗರು ತಿಂಗಳುಗಟ್ಟಲೆ ಹಿಂದಿಯಲ್ಲಿ ಮಾತಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ಅದು ಪುಣೆ. ಇದು ಅವರ ಸ್ವಂತ ಊರು.

ಮಂಗಳವಾರ ಜೇಮ್ಸ್‌ಟೌನಿಗೆ ಹೋದೆವು. ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ, ಅದರ ಬುಡದಲ್ಲಿ ಗಾ ಜನರ ಹಳೆಯ ಮೀನುಗಾರರ ಕೇರಿ. ಮಂಗಳವಾರ ಸಮುದ್ರ ದೇವರ ವಾರ, ಅಂದು ದೋಣಿ ಇಳಿಸುವಂತಿಲ್ಲ. ಬಣ್ಣ ಬಣ್ಣದ ದೋಣಿಗಳು ದಡದಲ್ಲಿ ಸಾಲಾಗಿ ಕೂತಿದ್ದವು. ಗಂಡಸರು ಬಲೆ ಹೆಣೆಯುತ್ತ ಕೂತಿದ್ದರು. ದಡದ ಗುಡಿಸಲುಗಳನ್ನು 2020ರಲ್ಲಿ ತೆರವು ಮಾಡಿ ಚೀನಾದ ನೆರವಿನಿಂದ ಮೀನುಗಾರಿಕೆ ಬಂದರು ಕಟ್ಟಲು ತೊಡಗಿದರು. ಪಕ್ಕದ ಬುಕೊಮ್ ಕೇರಿಯಲ್ಲಿ ಮುಷ್ಟಿಯುದ್ಧವೇ ಧರ್ಮ. 1984ರಲ್ಲಿ ವಿಶ್ವ ಚಾಂಪಿಯನ್ ಆದ ಅಜುಮಾ ನೆಲ್ಸನ್ ಅವರಂಥವರ ಹೆಸರು ಇಲ್ಲಿ ಮಕ್ಕಳ ಬಾಯಲ್ಲಿದೆ.

ಜೇಮ್ಸ್ ಕೋಟೆ ಇಂಗ್ಲಿಷರು 1673ರಲ್ಲಿ ಕಟ್ಟಿದ್ದು. ಸಾಗಿಸಲು ತಂದ ಗುಲಾಮರನ್ನು ಕೂಡಿಹಾಕಿದ ಜಾಗ, ಆಮೇಲೆ ಜೈಲು. ಕ್ವಾಮೆ ಎನ್‌ಕ್ರುಮಾ ಇಲ್ಲಿ ಸೆರೆಯಲ್ಲಿದ್ದಾಗಲೇ 1951ರ ಚುನಾವಣೆ ನಡೆಯಿತು. ಅಕ್ರಾ ಸೆಂಟ್ರಲ್ ಕ್ಷೇತ್ರದಲ್ಲಿ ಚಲಾವಣೆಯಾದ 23,122 ಮತಗಳಲ್ಲಿ 22,780 ಅವರಿಗೆ ಬಿದ್ದವು. ಜೈಲಿನಿಂದ ನೇರ ಸರ್ಕಾರ ನಡೆಸಲು ಹೊರಟರು. ಅವರು ಗಾ ಅಲ್ಲ, ದೇಶದ ಪಶ್ಚಿಮ ತುದಿಯ ಎನ್‌ಜೆಮಾ ಜನಾಂಗದವರು. ಹೊರಗಿನವನನ್ನು ಈ ಕೇರಿಯವರು ಮಗನಂತೆ ಎತ್ತಿಕೊಂಡರು.

ಮುಂದಿನ ಕಥೆ ಅಷ್ಟು ಸಿಹಿಯಲ್ಲ. 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬಂತು. ರಾಜಧಾನಿಗೆ ಜನ ಹರಿದುಬಂದರು, ಬಾಡಿಗೆ ಏರಿತು, ಕೆಲಸ ಸಿಕ್ಕಿದ್ದು ಬೇರೆಯವರಿಗೆ, ಸರ್ಕಾರಿ ಕಟ್ಟಡಗಳಿಗೆ ಹೋದದ್ದು ಗಾ ಜನರ ಹೊಲ. ಅದೇ ಆಗಸ್ಟಿನಲ್ಲಿ, ಸ್ವಾತಂತ್ರ್ಯಕ್ಕೆ ಆರು ತಿಂಗಳೂ ತುಂಬುವ ಮೊದಲೇ, ಇದೇ ಬೀದಿಗಳಲ್ಲಿ 'ಗಾ ಶಿಫಿಮೊ ಕ್ಪೇ' ಎಂಬ ಸಂಘಟನೆ ಹುಟ್ಟಿತು. ಗಾ ಜನರ ನೆಲ ಗಾ ಜನರಿಗೆ ಎಂಬುದು ಅದರ ಘೋಷಣೆ. ಎನ್‌ಕ್ರುಮಾ ಸರ್ಕಾರ ಡಿಸೆಂಬರಿನಲ್ಲೇ ಕಾನೂನು ತಂದು ಜನಾಂಗ, ಪ್ರದೇಶ, ಮತದ ಆಧಾರದ ಪಕ್ಷಗಳನ್ನೆಲ್ಲ ನಿಷೇಧಿಸಿತು. ಹೊಸ ರಾಷ್ಟ್ರ ಒಡೆಯಬಾರದು ಎಂಬ ಅವರ ಆತಂಕ ಸುಳ್ಳಾಗಿರಲಿಲ್ಲ. ಆದರೆ ಕೇರಿಯವರ ದೂರೂ ಸುಳ್ಳಾಗಿರಲಿಲ್ಲ. ಕಾನೂನು ಬಂದು ಸಂಘಟನೆ ಮುಚ್ಚಿತು, ದೂರು ಮುಚ್ಚಲಿಲ್ಲ. ಇವತ್ತಿಗೂ ಅಕ್ರಾದ ಹೊರವಲಯದ ಕಾಂಪೌಂಡ್ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ 'ಈ ಜಾಗ ಮಾರಾಟಕ್ಕಿಲ್ಲ' ಎಂದು ಬರೆದಿರುತ್ತದೆ. ಒಂದೇ ಸೈಟನ್ನು ಇಬ್ಬರು ಮೂವರಿಗೆ ಮಾರುವುದು ಅಲ್ಲಿ ಮಾಮೂಲು. ಮಾರಿದವರಲ್ಲಿ ಗಾ ಮುಖಂಡರೂ ಇದ್ದಾರೆ ಎಂಬುದನ್ನು ನನ್ನ ಸಹೋದ್ಯೋಗಿಯೇ ಹೇಳಿದರು. "ನಮ್ಮ ನೆಲ ಹೋಯಿತು ಅಂತ ಅಳುವವರೂ ನಾವೇ, ಮಾರಿದ ದುಡ್ಡಲ್ಲಿ ಕಾರು ಕೊಂಡವರೂ ನಾವೇ." ಬೆಂಗಳೂರಿನ ಸುತ್ತಲಿನ ಹಳ್ಳಿಗಳ ನೆನಪಾಗಿ ನಾನು ಸುಮ್ಮನಾದೆ.

ಅದೇ ಜೇಮ್ಸ್‌ಟೌನಿನಲ್ಲಿ ಇನ್ನೊಂದು ಮನೆಯಿದೆ, ಬ್ರೆಜಿಲ್ ಹೌಸ್. ಈ ಪ್ರವಾಸದಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ಕಥೆ. 1830ರ ದಶಕದಲ್ಲಿ ಬ್ರೆಜಿಲಿನ ಬಾಹಿಯಾದಿಂದ ಗುಲಾಮಗಿರಿ ಕಳಚಿಕೊಂಡ ಕೆಲವು ಕುಟುಂಬಗಳು ಹಡಗು ಹತ್ತಿ ಈ ದಡಕ್ಕೆ ಬಂದವು. ಅವರ ಹಿರಿಯರನ್ನು ಆಫ್ರಿಕಾದಿಂದಲೇ ಹೊತ್ತೊಯ್ದಿದ್ದರು, ಆದರೆ ಇವರಿಗೆ ಬರುತ್ತಿದ್ದುದು ಪೋರ್ಚುಗೀಸ್. ಗಾ ಜನರು ಇಳಿಸಿಕೊಂಡರು, ನೆಲ ಕೊಟ್ಟರು. ಹೇಗಿದ್ದೀರಿ ಎಂದು ಕೇಳಿದರೆ ಇವರು "ತಾ ಬೋಂ", ಚೆನ್ನಾಗಿದೆ, ಎನ್ನುತ್ತಿದ್ದರಂತೆ. ಅದೇ ಅವರ ಹೆಸರಾಯಿತು, ತಬೋಂ ಜನ. ಬಾವಿ ತೋಡುವುದು, ಹೊಲಿಗೆ ಅವರ ಕಸುಬು. ಆ ಕಾಲದ ಅಕ್ರಾಕ್ಕೆ ಕೋಟು ಪ್ಯಾಂಟು ಹೊಲಿದುಕೊಟ್ಟವರು ಅವರು. ಎರಡು ಮೂರು ತಲೆಮಾರಿನಲ್ಲಿ ಗಾ ಅವರ ಮನೆಮಾತಾಯಿತು. ಇಂದು ಅವರ ಅಡ್ಡಹೆಸರು ಪೋರ್ಚುಗೀಸ್, ಬೈಗುಳ ಗಾ.

ಧಾರವಾಡದವನಿಗೆ ಇಲ್ಲಿ ಬೇಂದ್ರೆ ನೆನಪಾಗದೆ ಇರುವುದು ಹೇಗೆ? ಮನೆಮಾತು ಮರಾಠಿ, ಬರೆದದ್ದು ಕನ್ನಡ, ಅದೂ ಎಂಥ ಕನ್ನಡ. ಹೊರಗಿಂದ ಬಂದವರು ಊರಿನವರಾಗುವುದಕ್ಕೆ ನಮ್ಮಲ್ಲೂ ಮಾದರಿ ಕಡಿಮೆಯೇನಿಲ್ಲ. ಆದರೆ ತಬೋಂ ಜನರು ಬಂದದ್ದು ಬೆರಳೆಣಿಕೆಯ ಕುಟುಂಬಗಳಾಗಿ. ಊರಿನ ಭಾಷೆ ಕಲಿಯದೆ ಅನ್ನ ಹುಟ್ಟುತ್ತಿರಲಿಲ್ಲ. ಈಗ ಅಕ್ರಾಕ್ಕೆ ಬರುವ ಅಕಾನ್ ಹುಡುಗನಿಗೆ ಗಾ ಬೇಕಿಲ್ಲ, ಟ್ವೀ ಸಾಕು. ಪುಣೆಗೆ ಬಂದ ನನಗೂ ಮೊದಲ ಮೂರು ವರ್ಷ ಹಿಂದಿ ಇಂಗ್ಲಿಷಿನಲ್ಲೇ ಕೆಲಸ ನಡೆಯಿತು. ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ಬೇಕಾಯಿತೇ ಇಲ್ಲವೇ ಎಂಬುದಷ್ಟೇ. ಕೆಳಗಿನ ಮನೆಯ ಆಜಿ ಹಟ ಹಿಡಿದು ಮರಾಠಿಯಲ್ಲೇ ಮಾತಾಡಿಸಿದ್ದರಿಂದ ನನಗೆ ಮರಾಠಿ ಬಂತು.

ಗಾ ಬರಹಕ್ಕೂ ನಮ್ಮ ಊರಿಗೂ ಒಂದು ಹಳೆಯ ನಂಟಿದೆ. ಓಸುವಿನಲ್ಲಿ ಓಡಾಡುವಾಗ ಬಾಸೆಲ್ ಮಿಷನ್ ಹೆಸರು ಕೇಳಿ ಕಿವಿ ನೆಟ್ಟಗಾಯಿತು. ಅದೇ ಬಾಸೆಲ್ ಮಿಷನ್, ಮಂಗಳೂರಿಗೆ 1834ರಲ್ಲಿ ಬಂದದ್ದು, ಧಾರವಾಡದಲ್ಲಿ ಶಾಲೆ ತೆರೆದದ್ದು. ಈ ಕರಾವಳಿಗೆ ಅವರು ಬಂದದ್ದು 1828ರಲ್ಲಿ, ನಮಗಿಂತ ಆರು ವರ್ಷ ಮೊದಲು. ಕಿಟೆಲ್ ನಮ್ಮಲ್ಲಿ ಪದ ಹೆಕ್ಕುತ್ತಿದ್ದ ಕಾಲದಲ್ಲಿ ಯೋಹಾನೆಸ್ ಝಿಮ್ಮರ್‌ಮನ್ ಎಂಬ ಇನ್ನೊಬ್ಬ ಜರ್ಮನ್ ಪಾದ್ರಿ ಇಲ್ಲಿ ಗಾ ಪದ ಹೆಕ್ಕುತ್ತಿದ್ದರು. ಅವರ ಗಾ ವ್ಯಾಕರಣ 1858ರಲ್ಲಿ ಬಂತು, ಕಿಟೆಲ್ ನಿಘಂಟಿಗಿಂತ 36 ವರ್ಷ ಮುಂಚೆ. ಗಾ ಬೈಬಲ್ 1866ರಲ್ಲಿ ಪೂರ್ತಿಯಾಯಿತು. ಆಫ್ರಿಕಾ ಮೂಲದ ಶಿಕ್ಷಕಿ ಕ್ಯಾಥರೀನ್ ಮಲ್‌ಗ್ರೇವ್ ಅವರನ್ನು ಮದುವೆಯಾಗಿ ಅವರು ದಶಕಗಳ ಕಾಲ ಇಲ್ಲೇ ಬಾಳಿದರು. ಎರಡು ಭಾಷೆಗೂ ಒಂದೇ ಮಿಷನ್ನಿನ ಪಾದ್ರಿಗಳು ದುಡಿದರು. ಆಮೇಲೆ ಒಂದಕ್ಕೆ ರಾಜ್ಯ ಸಿಕ್ಕಿತು, ವಿಶ್ವವಿದ್ಯಾಲಯಗಳು ಸಿಕ್ಕವು, ಪತ್ರಿಕೆಗಳು ಸಿಕ್ಕವು. ಇನ್ನೊಂದಕ್ಕೆ ಸಿಕ್ಕಿದ್ದು ರಾಜಧಾನಿ, ಅದು ಎಲ್ಲರ ಪಾಲಾಯಿತು. ಕನ್ನಡಕ್ಕೆ ಬೆಂಗಳೂರು ಕೈತಪ್ಪಿದರೂ ಬೀದರಿನಿಂದ ಚಾಮರಾಜನಗರದವರೆಗೆ ನೆಲವಿದೆ. ಗಾ ಭಾಷೆಗೆ ಅಕ್ರಾ ಬಿಟ್ಟರೆ ಹಿತ್ತಲಿಲ್ಲ.

ಶಾಲೆಯ ಮೊದಲ ಮೂರು ವರ್ಷ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕು ಎಂಬ ನೀತಿ ಘಾನಾದಲ್ಲೂ ಇದೆ. ಸಹೋದ್ಯೋಗಿಯ ಮಗಳು ಹೋಗುವುದು ಖಾಸಗಿ ಇಂಗ್ಲಿಷ್ ಶಾಲೆಗೆ. ಗಾ ಅರ್ಥವಾಗುತ್ತದೆ, ಅಜ್ಜಿಗೆ ಉತ್ತರ ಇಂಗ್ಲಿಷಿನಲ್ಲಿ. ಇದನ್ನು ಓದುತ್ತಿರುವ ಎಷ್ಟು ಮನೆಗಳಲ್ಲಿ ಇದೇ ಕಥೆಯೋ.

ಇಷ್ಟೆಲ್ಲ ಇಟ್ಟುಕೊಂಡು ನೋಡಿದಾಗ ಆ ಒಂದು ತಿಂಗಳ ಸದ್ದುಗಡಿಯ ಅರ್ಥ ತಿಳಿಯುತ್ತದೆ. ಅದು ಶುರುವಾಗುವುದು ಬಿಳಿ ಬಟ್ಟೆಯುಟ್ಟ 'ವುಲೋಮೊ' ಎಂಬ ಪೂಜಾರಿಗಳು ನೆಲ ಅಗೆದು ನವಣೆ ಜಾತಿಯ ಕಿರುಧಾನ್ಯ ಬಿತ್ತುವುದರಿಂದ. ಬೀಜ ಮೊಳೆಯುವಾಗ, ದೇವರು ಕೆಲಸ ಮಾಡುವಾಗ, ಗದ್ದಲ ಕೂಡದು. ಅದು ಮುಗಿದು ಆಗಸ್ಟಿನಲ್ಲಿ ಬರುವ ಹಬ್ಬ ಹೋಮೊವೊ. 'ಹೋಮೊ' ಎಂದರೆ ಹಸಿವು, 'ವೊ' ಎಂದರೆ ಕೂಗಿ ಅಣಕಿಸುವುದು. ಹಿಂದೊಮ್ಮೆ ಬರ ಬಂದು, ಮತ್ತೆ ಬೆಳೆ ಕೈಗೆ ಸಿಕ್ಕಾಗ ಹಸಿವನ್ನೇ ಹೀಯಾಳಿಸಿ ಕುಣಿದರಂತೆ. ಹಬ್ಬದ ಮುಂಚಿನ ಗುರುವಾರ ಹಳ್ಳಿಗಳಿಗೆ ಚದುರಿದ ಗಾ ಜನರೆಲ್ಲ ಬೆಳೆ ಹೊತ್ತು ಊರಿಗೆ ಬರುತ್ತಾರೆ. ಅವರಿಗೆ ಗುರುವಾರದವರು ಎಂದೇ ಹೆಸರು. ಶನಿವಾರ ಮನೆಮನೆಯಲ್ಲಿ ಮೆಕ್ಕೆಜೋಳದ ಹಿಟ್ಟು ಹುದುಗಿಸಿ, ಆವಿಯಲ್ಲಿ ಬೇಯಿಸಿ, ತಾಳೆ ಎಣ್ಣೆ ಕಲಸಿದ 'ಕ್ಪೋಕ್ಪೋಯ್'. ಮನೆಯ ಹಿರಿಯ ಅದನ್ನು ಹೊಸ್ತಿಲಲ್ಲಿ, ಅಂಗಳದಲ್ಲಿ ಚೆಲ್ಲುತ್ತಾನೆ, ಹೋದ ಹಿರಿಯರಿಗೆಂದು. ಗಾ ದೊರೆ ಬೀದಿಬೀದಿಯಲ್ಲಿ ಚೆಲ್ಲುತ್ತಾ ಹೋಗುತ್ತಾನೆ.

ಇದನ್ನು ಕೇಳುತ್ತಿದ್ದಾಗ ನಾನು ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ವಿವರಿಸಿದೆ. ಬಸುರಿ ಭೂತಾಯಿಗೆ ಹೋಳಿಗೆ, ಕಡುಬು, ಪುಂಡಿಪಲ್ಯ ಉಣಿಸುವುದು ಎಂದಾಗ ಆಕೆ, "ಪುಂಡಿ ಅಂದರೆ?" ಎಂದು ಫೋನಿನಲ್ಲಿ ಚಿತ್ರ ನೋಡಿದರು. ನಮಗೂ ಇದರ ಜಾತಿಯ ಸೊಪ್ಪು ಗೊತ್ತು ಎಂದರು. ಹೋಮೊವೊದ ಮಾರನೆಯ ದಿನ ಭಾನುವಾರ 'ಙೋವಾಲಾ'. ಮುನಿಸಿಕೊಂಡ ಬಂಧುಗಳ ಮನೆಗೆ ನಡೆದು ಹೋಗಿ ಆಯುಷ್ಯ ಹಾರೈಸಿ ಜಗಳ ಮುಗಿಸುವ ದಿನ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅನ್ನುವಂತೆಯೇ. ಆಕೆಯ ಇಬ್ಬರು ಚಿಕ್ಕಪ್ಪಂದಿರು ಮಾತ್ರ ಒಂದು ಸೈಟಿನ ವಿಷಯಕ್ಕೆ ಹನ್ನೊಂದು ಙೋವಾಲಾ ಆದರೂ ಮಾತಾಡಿಲ್ಲವಂತೆ.

ಹೋಮೊವೊ ನಾನು ನೋಡಲಿಲ್ಲ, ನೋಡಿದ್ದು ಅದರ ಮುಂಚಿನ ಮೌನ. ಭಾನುವಾರ ಬೆಳಿಗ್ಗೆ ಓಸುವಿನಲ್ಲಿ ಹೋಟೆಲಿನ ಪಕ್ಕದ ಚರ್ಚಿನಿಂದ ಹಾಡು ಕೇಳುತ್ತಿತ್ತು. ಡ್ರಮ್ಮಿಲ್ಲ, ಚಪ್ಪಾಳೆಯಷ್ಟೇ. ಕಿಟಕಿ ಮುಚ್ಚಿದ್ದವು. ಹೊರಗೆ ನಿಂತ ಕಾವಲುಗಾರ, ಬೇರೆ ತಿಂಗಳಲ್ಲಾದರೆ ನೀವು ಹಾಸಿಗೆಯಿಂದ ಹಾರಿ ಬೀಳುತ್ತಿದ್ದಿರಿ ಎಂದ.

ಈ ಮೌನಕ್ಕೆ ಬೆಲೆ ತೆತ್ತಿದ್ದಾರೆ ಎಂಬುದನ್ನು ಮರೆಯಬಾರದು. ಘಾನಾದಲ್ಲಿ ಪೆಂಟೆಕೊಸ್ಟಲ್ ಚರ್ಚುಗಳು ಬೆಳೆದ ಮೇಲೆ, ಡ್ರಮ್ಮೇ ಪ್ರಾರ್ಥನೆ ಎನ್ನುವವರು ಈ ನಿಯಮ ಪಾಲಿಸಲು ಒಪ್ಪಲಿಲ್ಲ. ನಿಮ್ಮ ದೇವರಿಗಾಗಿ ನಾವೇಕೆ ಸುಮ್ಮನಿರಬೇಕು, ಸಂವಿಧಾನ ನಮಗೂ ಹಕ್ಕು ಕೊಟ್ಟಿದೆ ಎಂಬ ವಾದ. 1998ರಿಂದ ಕೆಲವು ವರ್ಷ ಗಾ ಯುವಕರು ಚರ್ಚುಗಳಿಗೆ ನುಗ್ಗಿ ವಾದ್ಯ ಕಿತ್ತೊಯ್ದರು, ಜನರನ್ನು ಹೊಡೆದರು. ಆಮೇಲೆ ಸರ್ಕಾರ ನಡುವೆ ಬಂದು ಈಗಿನ ಏರ್ಪಾಡು ಆಯಿತು: ಒಳಗೆ ನಿಮ್ಮ ಪ್ರಾರ್ಥನೆ, ಹೊರಗೆ ನಮ್ಮ ಮೌನ. ಜಾರಿಗೆ ಪಾಲಿಕೆ, ಪೊಲೀಸರು, ಸಾಂಪ್ರದಾಯಿಕ ಮಂಡಳಿಯವರು ಸೇರಿದ ತಂಡ, ಕೊರಳಲ್ಲಿ ಗುರುತಿನ ಬಿಲ್ಲೆ. ಹಾಗಾಗಿ ಇದು ಬರೀ ಸೌಹಾರ್ದದ ಕಥೆಯಲ್ಲ. ಅಂಜಿಕೆಯೂ ಇದರಲ್ಲಿದೆ.

ನನ್ನ ಸಹೋದ್ಯೋಗಿಯ ತಾಯಿ ಅಂಥದೇ ಒಂದು ಚರ್ಚಿನ ಗಾಯಕಿ, ಮತ್ತು ಅಪ್ಪಟ ಗಾ. ಮೇ ತಿಂಗಳು ಬಂದರೆ ಆಕೆ ಯಾವ ಕಡೆ? "ಅಮ್ಮ ಚಪ್ಪಾಳೆ ತಟ್ಟಿ ಹಾಡುತ್ತಾಳೆ. ಮನೆಗೆ ಬಂದು, ಡ್ರಮ್ಮಿಲ್ಲದಿದ್ದರೆ ಹಾಡಿನ ಮಾತು ಚೆನ್ನಾಗಿ ಕೇಳುತ್ತದೆ ಅನ್ನುತ್ತಾಳೆ. ಪೂಜಾರಿಗಳ ದೇವರನ್ನು ನಂಬುತ್ತೀಯಾ ಅಂತ ಕೇಳಿದರೆ ಬೈತಾಳೆ. ನಂಬುವ ಪ್ರಶ್ನೆ ಅಲ್ಲವಂತೆ, ಮನೆತನದ ಪ್ರಶ್ನೆಯಂತೆ."

ಕರ್ನಾಟಕದಲ್ಲಿ 2024ರಿಂದ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂಬ ಕಾನೂನಿದೆ. ನಾನು ಅದನ್ನು ಒಪ್ಪುವವನೇ. ಫಲಕ ಓದಿಸುತ್ತದೆ, ಒಂದೆರಡು ಅಕ್ಷರವಾದರೂ ಕಣ್ಣಿಗೆ ಬೀಳಿಸುತ್ತದೆ. ಅಕ್ರಾದ ಕಟ್ಟಳೆ ಇದಕ್ಕಿಂತ ಗಟ್ಟಿ ಎಂದು ಮೊದಲ ಎರಡು ದಿನ ನನಗೆ ಅನ್ನಿಸಿತ್ತು. ಬೇರೆ ಯಾವ ರಾಜಧಾನಿ ತನ್ನ ಮೂಲದವರಿಗಾಗಿ ತಿಂಗಳಿಡೀ ಸದ್ದು ಇಳಿಸುತ್ತದೆ? ಆದರೆ ಮೌನ ಯಾರಿಂದಲೂ ಏನನ್ನೂ ಕಲಿಯಲು ಕೇಳುವುದಿಲ್ಲ. ನಮ್ಮನ್ನು ತಿರುಗಿಸಿದ ಚಾಲಕ ಕುಮಾಸಿ ಕಡೆಯವನು, ಇಲ್ಲಿಗೆ ಬಂದು 22 ವರ್ಷ. ಪ್ರತಿ ಮೇ ತಿಂಗಳೂ ಕಾರಿನ ಸ್ಟೀರಿಯೊ ಇಳಿಸುತ್ತಾನೆ, ತಪ್ಪಿಸಿಲ್ಲ. ಗಾ ಭಾಷೆಯಲ್ಲಿ ಥ್ಯಾಂಕ್ಸ್ ಹೇಗೆ ಹೇಳುವುದು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಸಹೋದ್ಯೋಗಿ ಹೇಳಿಕೊಟ್ಟರು, "ಓಯಿವಾಲಾದೋಂ". ಚಾಲಕನೂ ನಾನೂ ಒಟ್ಟಿಗೆ ಹೇಳಿದೆವು. ಗಾ ಜನರಿಗೆ ಅಕ್ರಾ ತನ್ನ ಮೌನ ಕೊಟ್ಟಿದೆ, ಮಾತು ಕೊಟ್ಟಿಲ್ಲ. ಮರ್ಯಾದೆ ಸಿಕ್ಕಿದೆ, ಬಳಕೆ ಸಿಕ್ಕಿಲ್ಲ. ರಾಜ್ಯೋತ್ಸವದ ದಿನ ಎದ್ದು ನಿಂತು ನಾಡಗೀತೆಗೆ ಗೌರವ ಕೊಟ್ಟು, ಮಾರನೆಯ ದಿನ ಕನ್ನಡ ಬೇಕಿಲ್ಲದ ಬೆಂಗಳೂರಿನ ಎಷ್ಟೋ ಕಚೇರಿಗಳೂ ಇದೇ ಲೆಕ್ಕದಲ್ಲಿವೆ.

ಇದನ್ನು ಆಕೆಗೆ ಹೇಳಿದೆ. ಆಕೆ ಒಪ್ಪಲಿಲ್ಲ. "ಮಾತು ಕಲಿಸುವುದು ನಮ್ಮ ಕೆಲಸ, ಅದು ನಮ್ಮ ಕೈಲಾಗಲಿಲ್ಲ. ಈ ಒಂದು ತಿಂಗಳಾದರೂ ಇಲ್ಲದಿದ್ದರೆ ಇಲ್ಲಿ ಯಾರಿದ್ದರು ಅಂತ ಕೇಳುವುದಕ್ಕೂ ಯಾರೂ ಇರುತ್ತಿರಲಿಲ್ಲ. ನೀವೇ ನೋಡಿ, ಪುಣೆಯಿಂದ ಬಂದವರು ನಾಲ್ಕು ದಿನದಿಂದ ಗಾ, ಗಾ ಅಂತ ಕೇಳುತ್ತಿದ್ದೀರಿ. ಡ್ರಮ್ಮು ಬಡಿಯುತ್ತಿದ್ದರೆ ಕೇಳುತ್ತಿದ್ದಿರಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಯ ಸಂಜೆ ಕಡಲ ದಾರಿಯಲ್ಲಿ ಪೂರ್ವಕ್ಕೆ, ತೆಶಿ ಎಂಬ ಕೇರಿಗೆ ಹೋದೆವು. ಸತ್ತವರ ಕಸುಬಿಗೆ ತಕ್ಕ ಆಕಾರದ ಶವಪೆಟ್ಟಿಗೆ ಮಾಡುವ ಊರು ಅದು. ಮೀನುಗಾರನಿಗೆ ಮೀನು, ಕೋಕೋ ಬೆಳೆಗಾರನಿಗೆ ಕೋಕೋ ಕಾಯಿ, ಶ್ರೀಮಂತನಿಗೆ ಮರ್ಸಿಡಿಸ್. 1950ರ ದಶಕದಲ್ಲಿ ಸೇತ್ ಕೇನ್ ಕ್ವೇ ಎಂಬ ಬಡಗಿಯಿಂದ ಇದು ಹೆಸರಾಯಿತು, ಈಗ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲೂ ಇವೆ. ಗಾ ಭಾಷೆಯಲ್ಲಿ ಇವಕ್ಕೆ 'ಅಬೇಬೂ ಅಡೆಕಾಯ್', ಗಾದೆ ಪೆಟ್ಟಿಗೆಗಳು. ನನ್ನಂಥವನಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಬಡಗಿ ನನ್ನ ಎತ್ತರ ಒಮ್ಮೆ ಅಳೆದು ನೋಡಿ, ಲ್ಯಾಪ್‌ಟಾಪ್, ಆದರೆ ಮಡಚಿದ್ದು ಎಂದ. ಮಾಗಿದ ಬಾಳೆಗೆ ಶುಂಠಿ ಖಾರ ಹಚ್ಚಿ ಕರಿದ ಕೆಲೆವೆಲೆ ತಿನ್ನುತ್ತ ಮರಳಿದೆವು.

ಜೂನ್ ನಡುವೆ ಪುಣೆಯಲ್ಲಿ ಮಳೆ ಹಿಡಿದಿತ್ತು. ಆಕೆಯಿಂದ ವಾಟ್ಸ್ಆ್ಯಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಗಾ ಮಾಶಿ ಎಂಬ ಹಳೆಯ ಕೇರಿಯಲ್ಲಿ 'ಒಡಾದಾವೊ' ನಡೆದಿತ್ತು. ಗ್ಬೆಸೆ ಮುಖಂಡ ಡೋಲಿಗೆ ಮೂರು ಸಲ ಬಡಿದರೆ ನಿಷೇಧ ಮುಗಿದಂತೆ. ಮೂರು ಬಡಿತ ಸ್ಪಷ್ಟವಾಗಿ ಕೇಳಿತು. ಆಮೇಲೆ ಜನರ ಕೂಗು, ಬಂದೂಕಿನ ಹುಸಿಗುಂಡು, ಹತ್ತಾರು ಡೋಲು. ಸಂದೇಶ ಮುಗಿಯುವ ಹೊತ್ತಿಗೆ ದೂರದಲ್ಲೆಲ್ಲೋ ಒಂದು ಮೈಕು ಶುರುವಾಗಿತ್ತು, ಬೀದಿ ಪ್ರವಚನಕಾರನದು, ಟ್ವೀಯಲ್ಲಿ.